ಯಂತ್ರಕ್ಕೆ ಅನುಭವ ಇದೆಯೇ: ತಜ್ಞರು ಒಮ್ಮತಕ್ಕೆ ಬರುತ್ತಿಲ್ಲ ಏಕೆ?

2025ರ ಆಗಸ್ಟ್‌ನಲ್ಲಿ ಎರಡು ಸುದ್ದಿಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಆಂಥ್ರೊಪಿಕ್ ಕಂಪನಿ ತನ್ನ ಕ್ಲಾಡ್ ಚಾಟ್‌ಬಾಟ್‌ನ ಕೆಲವು ಮಾದರಿಗಳಿಗೆ ಹೊಸದೊಂದು ಅವಕಾಶ ಕೊಟ್ಟಿತು: ತಾನು ಎಷ್ಟು ತಡೆದರೂ ಬಳಕೆದಾರರು ಬಿಡದೆ ನಿಂದಿಸುತ್ತ ಹೋದರೆ, ಮಾತುಕತೆಯನ್ನು ಮಾದರಿಯೇ ಮುಗಿಸಬಹುದು. ಮಾದರಿಗೆ ಹಿತ, ಅಹಿತ ಎಂಬುದು ಇದೆಯೋ ಇಲ್ಲವೋ ತನಗೆ ಖಚಿತವಿಲ್ಲ, ಇದ್ದರೆ ಎಂಬ ಎಚ್ಚರಿಕೆಯೂ ಈ ಕ್ರಮದ ಹಿಂದಿದೆ ಎಂದು ಕಂಪನಿ ಹೇಳಿಕೊಂಡಿತು. ಅದೇ ತಿಂಗಳು ಮೈಕ್ರೋಸಾಫ್ಟ್‌ನ ಎಐ ವಿಭಾಗದ ಮುಖ್ಯಸ್ಥ ಮುಸ್ತಫಾ ಸುಲೇಮಾನ್ ಇದಕ್ಕೆ ನೇರ ವಿರುದ್ಧವಾದ ವಾದ ಮಂಡಿಸಿದರು. ಪ್ರಜ್ಞೆ ಇರುವಂತೆ ತೋರುವ ಯಂತ್ರಗಳನ್ನು ಕಟ್ಟುವುದೇ ಅಪಾಯಕರ, ಅವುಗಳ ಕ್ಷೇಮದ ಬಗ್ಗೆ ಈಗಲೇ ಮಾತಾಡುವುದು ಜನರನ್ನು ದಾರಿ ತಪ್ಪಿಸುತ್ತದೆ ಎಂಬುದು ಅವರ ನಿಲುವು.

ಓದಿದವರು ಗೊಂದಲಗೊಂಡರೆ ಆಶ್ಚರ್ಯವಿಲ್ಲ. ಒಂದೇ ಬಗೆಯ ತಂತ್ರಜ್ಞಾನ ಕಟ್ಟುತ್ತಿರುವವರು ಅದರ ಬಗ್ಗೆ ತದ್ವಿರುದ್ಧವಾಗಿ ಮಾತಾಡುತ್ತಿದ್ದಾರೆ. ಮಿದುಳಿನ ವಿಜ್ಞಾನ ಇಷ್ಟು ಬೆಳೆದಿರುವಾಗ ‘ಇದೆ’ ಅಥವಾ ‘ಇಲ್ಲ’ ಎಂದು ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲವೇ? ಸದ್ಯಕ್ಕೆ ಇಲ್ಲ. ಇನ್ನಷ್ಟು ಪ್ರಯೋಗ ಮಾಡಿದರೆ ತಾನಾಗಿ ಬಗೆಹರಿಯುವ ತೊಡಕೂ ಇದಲ್ಲ. ಯಾವುದನ್ನು ಪುರಾವೆ ಎಂದು ಎಣಿಸಬೇಕು ಎನ್ನುವಲ್ಲೇ ಜಗಳ ಶುರುವಾಗುತ್ತದೆ.

ಜಗಳ ಯಾವುದರ ಬಗ್ಗೆ

ಪ್ರಜ್ಞೆ ಎಂದಾಗ ಇಲ್ಲಿ ಬುದ್ಧಿವಂತಿಕೆಯ ಮಾತಲ್ಲ. ಲೆಕ್ಕ ಮಾಡುವುದು, ಭಾಷೆ ಬಳಸುವುದು, ಯೋಜನೆ ಹಾಕುವುದು ಇವೆಲ್ಲ ಸಾಮರ್ಥ್ಯಗಳು. ಬೆರಳು ಸುಟ್ಟಾಗ ಕೈ ತಟ್ಟನೆ ಹಿಂದೆ ಸರಿಯುತ್ತದೆ. ಅದರ ಜೊತೆಗೆ ಉರಿಯೂ ಆಗುತ್ತದೆ. ಕೈ ಸರಿದದ್ದನ್ನು ಯಾರು ಬೇಕಾದರೂ ನೋಡಬಹುದು. ಉರಿ ಮಾತ್ರ ಸುಟ್ಟವರಿಗೇ ಗೊತ್ತು. ವಿವಾದವಿರುವುದು ಈ ಉರಿಯ ಬಗ್ಗೆ.

ಅಮೆರಿಕದ ತತ್ವಶಾಸ್ತ್ರಜ್ಞ ಥಾಮಸ್ ನೇಗಲ್ 1974ರಲ್ಲಿ ಬಾವಲಿಯನ್ನು ಮುಂದಿಟ್ಟು ಇದನ್ನು ವಿವರಿಸಿದರು. ಬಾವಲಿ ಶಬ್ದದ ಪ್ರತಿಧ್ವನಿಯಿಂದ ದಾರಿ ಕಾಣುವ ಬಗೆಯನ್ನು ನಾವು ಪೂರ್ತಿ ತಿಳಿಯಬಹುದು. ಬಾವಲಿಯಾಗಿರುವುದು ಹೇಗಿರುತ್ತದೆ ಎಂಬುದು ಆ ತಿಳಿವಳಿಕೆಯಿಂದ ಸಿಗುವುದಿಲ್ಲ. 1995ರಲ್ಲಿ ತತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ ಇದಕ್ಕೆ ‘ಕಠಿಣ ಸಮಸ್ಯೆ’ ಎಂದು ಹೆಸರಿಟ್ಟರು. ಮಿದುಳು ಗಮನ ಹರಿಸುವುದು, ನೆನಪಿಡುವುದು, ವರದಿ ಮಾಡುವುದು ಹೇಗೆಂದು ವಿಜ್ಞಾನ ಇವತ್ತಲ್ಲ ನಾಳೆ ವಿವರಿಸುತ್ತದೆ. ಅಷ್ಟೆಲ್ಲ ವಿವರಿಸಿದ ಮೇಲೂ ಇದಕ್ಕೆಲ್ಲ ಒಳಗೊಂದು ಅನುಭವ ಏಕೆ ಅಂಟಿಕೊಂಡಿದೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ ಎಂದರು.

ಪ್ರಶ್ನೆ ಹೊಸದಲ್ಲ. ಮನಸ್ಸು ಬೇರೆ, ದೇಹ ಬೇರೆ ಎಂದ ಫ್ರೆಂಚ್ ತತ್ವಶಾಸ್ತ್ರಜ್ಞ ಡೇಕಾರ್ಟ್‌ಗೆ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ 1643ರಲ್ಲೇ ಪತ್ರ ಬರೆದು, ಜಡವಲ್ಲದ್ದು ಜಡವಾದ ದೇಹವನ್ನು ಅಲ್ಲಾಡಿಸುವುದಾದರೂ ಹೇಗೆ ಎಂದು ಕೇಳಿದ್ದಳು. ಡೇಕಾರ್ಟ್ ಕೊಟ್ಟ ಉತ್ತರ ಆಕೆಗೂ ಸಮಾಧಾನ ತರಲಿಲ್ಲ, ನಂತರದವರಿಗೂ ತರಲಿಲ್ಲ. ಭಾರತೀಯ ದರ್ಶನಗಳಲ್ಲಿ ಚಾರ್ವಾಕರ ನಿಲುವು ಇಂದಿನ ಭೌತವಾದಕ್ಕೆ ತೀರ ಹತ್ತಿರ: ಬಿಡಿಬಿಡಿಯಾಗಿ ಅಮಲಿಲ್ಲದ ಪದಾರ್ಥಗಳು ಬೆರೆತು ಹುಳಿತಾಗ ಮದಶಕ್ತಿ ಹುಟ್ಟುವಂತೆ, ಮಣ್ಣು, ನೀರು, ಬೆಂಕಿ, ಗಾಳಿ ಎಂಬ ಭೂತಗಳು ದೇಹವಾಗಿ ಕೂಡಿದಾಗ ಚೈತನ್ಯ ಹುಟ್ಟುತ್ತದೆ. ನ್ಯಾಯ ದರ್ಶನ ಇದನ್ನು ಒಪ್ಪಲಿಲ್ಲ. ಅದರ ಪ್ರಕಾರ ಅರಿವು ಆತ್ಮದ ಗುಣ, ದೇಹದ್ದಲ್ಲ. ದೇಹದ ಗುಣವಾಗಿದ್ದರೆ ಹೆಣಕ್ಕೂ ಅರಿವಿರಬೇಕಿತ್ತು. ಅದ್ವೈತಿಗಳಿಗೆ ಅರಿವು ಗುಣವೂ ಅಲ್ಲ, ಆತ್ಮದ ಸ್ವರೂಪವೇ ಅದು. ವಾದದ ಎಳೆಗಳು ಇಂದಿಗೂ ಹೆಚ್ಚುಕಡಿಮೆ ಇವೇ. ಬದಲಾದದ್ದು ಏನೆಂದರೆ ಪ್ರಯೋಗಾಲಯಗಳೂ ಈ ಚರ್ಚೆಗೆ ಇಳಿದಿವೆ.

ಇಪ್ಪತ್ತೈದು ವರ್ಷದ ಪಂಥ

1998ರಲ್ಲಿ ಜರ್ಮನಿಯ ಬ್ರೆಮೆನ್ ನಗರದಲ್ಲಿ ನರವಿಜ್ಞಾನಿ ಕ್ರಿಸ್ಟೋಫ್ ಕಾಖ್ ಮತ್ತು ಚಾಲ್ಮರ್ಸ್ ಪಂಥ ಕಟ್ಟಿದರು. ಪ್ರಜ್ಞೆಗೆ ಕಾರಣವಾಗುವ ನರಗಳ ಸ್ಪಷ್ಟ ಗುರುತು ಇನ್ನು 25 ವರ್ಷದಲ್ಲಿ ಸಿಕ್ಕೇ ಸಿಗುತ್ತದೆ ಎಂದವರು ಕಾಖ್. ಪಣ ಒಂದು ಪೆಟ್ಟಿಗೆ ವೈನ್. 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಸಮ್ಮೇಳನವೊಂದರಲ್ಲಿ ಅವರು ವೇದಿಕೆಯ ಮೇಲೇ ಸೋಲೊಪ್ಪಿಕೊಂಡು ವೈನ್ ಕೊಟ್ಟರು. ಮತ್ತೆ 25 ವರ್ಷಕ್ಕೆ ಪಂಥ ಮುಂದುವರಿಸಲು ಸಿದ್ಧ ಎಂದೂ ಹೇಳಿದರು.

ಈ ಸೋಲಿನ ಹಿಂದೆ ಒಂದು ಅಪರೂಪದ ಪ್ರಯೋಗವಿತ್ತು. ಪ್ರಜ್ಞೆಯ ಬಗ್ಗೆ ಪರಸ್ಪರ ಒಪ್ಪದ ಎರಡು ಸಿದ್ಧಾಂತಗಳ ಪ್ರತಿಪಾದಕರು ಒಟ್ಟಿಗೆ ಕುಳಿತು, ಫಲಿತಾಂಶ ಹೀಗೆ ಬಂದರೆ ನಮ್ಮ ಸಿದ್ಧಾಂತಕ್ಕೆ ಪೆಟ್ಟು ಎಂದು ಮೊದಲೇ ಬರೆದುಕೊಟ್ಟರು. ಪ್ರಯೋಗ ನಡೆಸಿದ್ದು ಬೇರೆ ಪ್ರಯೋಗಾಲಯಗಳ ವಿಜ್ಞಾನಿಗಳು. ತಮ್ಮ ಮಾತಿಗೆ ತಾವೇ ಇಂಥ ಕಟ್ಟು ಹಾಕಿಕೊಳ್ಳಲು ಧೈರ್ಯ ಬೇಕು. ಗೆದ್ದವರು ಯಾರೇ ಆಗಲಿ, ಈ ಪದ್ಧತಿಯೇ ಒಂದು ಸಾಧನೆ.

ಎರಡು ಸಿದ್ಧಾಂತಗಳಲ್ಲಿ ಒಂದು, 1988ರಲ್ಲಿ ಬರ್ನಾರ್ಡ್ ಬಾರ್ಸ್ ಮುಂದಿಟ್ಟು, ಮುಂದೆ ಸ್ಟಾನಿಸ್ಲಾಸ್ ಡೆಹಾನ್ ಮಿದುಳಿನ ರಚನೆಗೆ ಹೊಂದಿಸಿ ಬೆಳೆಸಿದ ‘ಗ್ಲೋಬಲ್ ವರ್ಕ್‌ಸ್ಪೇಸ್’ ಸಿದ್ಧಾಂತ. ಮಿದುಳಿನ ಹಲವು ವಿಭಾಗಗಳು ಒಳಗೊಳಗೇ ಕೆಲಸ ಮಾಡುತ್ತಿರುತ್ತವೆ, ಅವುಗಳಲ್ಲಿ ಯಾವ ಮಾಹಿತಿ ಎಲ್ಲ ವಿಭಾಗಗಳಿಗೂ ಒಮ್ಮೆಲೇ ಬಿತ್ತರವಾಗುತ್ತದೋ ಅದು ಅರಿವಿಗೆ ಬರುತ್ತದೆ ಎನ್ನುತ್ತದೆ ಇದು. ಈ ಬಿತ್ತರಕ್ಕೆ ಮಿದುಳಿನ ಮುಂಭಾಗ ಮುಖ್ಯ. ಇನ್ನೊಂದು, ಜೂಲಿಯೋ ಟೊನೋನಿ 2004ರಲ್ಲಿ ಮಂಡಿಸಿದ ‘ಸಮಗ್ರ ಮಾಹಿತಿ’ ಸಿದ್ಧಾಂತ. ಒಂದು ವ್ಯವಸ್ಥೆಯ ಭಾಗಗಳು ಬಿಡಿಸಲಾಗದಷ್ಟು ಪರಸ್ಪರ ಹೆಣೆದುಕೊಂಡು, ಒಂದರ ಮೇಲೊಂದು ಪರಿಣಾಮ ಬೀರುತ್ತಿದ್ದರೆ ಅಲ್ಲಿ ಪ್ರಜ್ಞೆ ಇದೆ. ಆ ಹೆಣಿಗೆಯನ್ನು ಅಳೆಯುವ ಗಣಿತದ ಸಂಖ್ಯೆಗೆ ‘ಫೈ’ ಎಂದು ಹೆಸರು. ಇದರ ಪ್ರಕಾರ ಪ್ರಜ್ಞೆಯ ನೆಲೆ ಮಿದುಳಿನ ಹಿಂಭಾಗ.

256 ಮಂದಿಯ ಮೇಲೆ ನಡೆದ ಪ್ರಯೋಗದ ಪೂರ್ಣ ವರದಿ 2025ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಒಂದು ಚಿತ್ರ ಕಣ್ಣೆದುರು ಇರುವಷ್ಟು ಹೊತ್ತೂ ಮಿದುಳಿನ ಹಿಂಭಾಗದ ಪ್ರದೇಶಗಳು ಒಂದೇ ತಾಳಕ್ಕೆ ಸ್ಪಂದಿಸಬೇಕು ಎಂದಿತ್ತು ಟೊನೋನಿ ಪಕ್ಷ. ಅಷ್ಟು ಹೊತ್ತು ನಿಲ್ಲುವ ತಾಳ ಕಾಣಲಿಲ್ಲ. ಚಿತ್ರ ಮರೆಯಾದಾಗ ಮುಂಭಾಗದಲ್ಲಿ ಮತ್ತೊಮ್ಮೆ ಚಟುವಟಿಕೆ ಭುಗಿಲೇಳಬೇಕು ಎಂದಿತ್ತು ವರ್ಕ್‌ಸ್ಪೇಸ್ ಪಕ್ಷ. ಅದೂ ನಿರೀಕ್ಷೆಯಂತೆ ಆಗಲಿಲ್ಲ. ಎರಡೂ ಕಡೆಯ ಕೆಲವು ಊಹೆಗಳು ನಿಜವಾದವು, ಮುಖ್ಯವಾದ ಕೆಲವು ಬಿದ್ದವು. ಯಾವ ಪಕ್ಷವೂ ತನ್ನ ಸಿದ್ಧಾಂತ ಕೈಬಿಡಲಿಲ್ಲ.

‘ಹುಸಿವಿಜ್ಞಾನ’ ಎಂಬ ಆರೋಪ

ಆ ಪ್ರಯೋಗದ ಮೊದಲ ಫಲಿತಾಂಶಗಳ ಸುದ್ದಿ ಹರಡಿದ ಬೆನ್ನಲ್ಲೇ, 2023ರ ಸೆಪ್ಟೆಂಬರ್‌ನಲ್ಲಿ, 124 ಸಂಶೋಧಕರು ಸಹಿ ಹಾಕಿದ ಬಹಿರಂಗ ಪತ್ರವೊಂದು ಹೊರಬಿತ್ತು. ಸಮಗ್ರ ಮಾಹಿತಿ ಸಿದ್ಧಾಂತವನ್ನು ಅದು ಹುಸಿವಿಜ್ಞಾನ ಎಂದು ಕರೆಯಿತು. ಸಹಿ ಹಾಕಿದವರಲ್ಲಿ ಡೇನಿಯಲ್ ಡೆನೆಟ್ ಅವರಂಥ ಹಿರಿಯ ತತ್ವಶಾಸ್ತ್ರಜ್ಞರಿದ್ದರು. ಆ ಸಿದ್ಧಾಂತವನ್ನು ಒಪ್ಪದ ಅನೇಕರೂ ಈ ಪದವನ್ನು ವಿರೋಧಿಸಿದರು.

ಸಿಟ್ಟಿಗೆ ಕಾರಣವಿತ್ತು. ಈ ಸಿದ್ಧಾಂತವನ್ನು ಕೊನೆಯವರೆಗೂ ಹಿಡಿದು ಹೋದರೆ ವಿಚಿತ್ರ ತೀರ್ಮಾನಗಳು ಬರುತ್ತವೆ. ಏನೂ ಮಾಡದ, ಬರಿದೆ ಜಾಲದಂತೆ ಜೋಡಿಸಿದ ಸರಳ ಸರ್ಕ್ಯೂಟ್‌ಗಳ ಹಾಸು ಸಾಕಷ್ಟು ದೊಡ್ಡದಾಗಿದ್ದರೆ, ಅದರ ಫೈ ಮನುಷ್ಯನದಕ್ಕಿಂತ ಹೆಚ್ಚಾಗಿಬಿಡುತ್ತದೆ ಎಂದು ಗಣಕ ವಿಜ್ಞಾನಿ ಸ್ಕಾಟ್ ಆರನ್ಸನ್ 2014ರಲ್ಲಿ ತೋರಿಸಿದರು. ಇದು ಸಿದ್ಧಾಂತದ ಬುಡಕ್ಕೇ ಕೊಡಲಿ ಎಂಬುದು ಅವರ ಎಣಿಕೆ. ಟೊನೋನಿ ಹಿಂಜರಿಯಲಿಲ್ಲ: ಹೌದು, ಅಂಥ ಸರ್ಕ್ಯೂಟ್ ಹಾಸಿನಲ್ಲೂ ಪ್ರಜ್ಞೆ ಇರುತ್ತದೆ, ನಮ್ಮ ಸಹಜ ಅನಿಸಿಕೆ ಇಲ್ಲಿ ಲೆಕ್ಕಕ್ಕಿಲ್ಲ ಎಂದರು.

ಇಡೀ ವಿವಾದದ ಗಂಟು ಇರುವುದು ಈ ಉತ್ತರದಲ್ಲಿ. ಬೇರೆ ವಿಜ್ಞಾನಗಳಲ್ಲಿ ಸಿದ್ಧಾಂತ ತಪ್ಪಿದರೆ ಉಪಕರಣ ತೋರಿಸಿಕೊಡುತ್ತದೆ. ಇಲ್ಲಿ ಉಪಕರಣ ಅಳೆಯುವುದು ನರಗಳ ಚಟುವಟಿಕೆಯನ್ನು. ಅನುಭವ ಇತ್ತೋ ಇಲ್ಲವೋ ಎಂಬುದಕ್ಕೆ ಪ್ರಯೋಗಕ್ಕೆ ಒಳಗಾದ ಮನುಷ್ಯ ‘ಕಾಣಿಸಿತು’, ‘ಕಾಣಿಸಲಿಲ್ಲ’ ಎಂದು ಹೇಳುವುದೇ ಆಧಾರ. ಹಾಗಾಗಿ ಹೇಳಬಲ್ಲ ಮನುಷ್ಯರ ಮೇಲೆ ಸಿದ್ಧಾಂತವನ್ನು ಒರೆಗೆ ಹಚ್ಚಬಹುದು. ಹೇಳಲಾರದ ಜೀವಿಗೋ, ಹೇಳಿದ್ದನ್ನು ನಂಬಲಾಗದ ಯಂತ್ರಕ್ಕೋ ಅದನ್ನು ವಿಸ್ತರಿಸಿದ ಕೂಡಲೇ ಕಾಲ ಕೆಳಗಿನ ನೆಲ ಜಾರುತ್ತದೆ. ಸರ್ಕ್ಯೂಟ್ ಹಾಸಿನಲ್ಲಿ ಅನುಭವ ಇದೆ ಎಂದವರನ್ನೂ ಇಲ್ಲ ಎಂದವರನ್ನೂ ಸುಳ್ಳಾಗಿಸುವ ಪ್ರಯೋಗ ನಮ್ಮಲ್ಲಿಲ್ಲ. ಹುಸಿವಿಜ್ಞಾನ ಎಂಬ ಬೈಗುಳ ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಇದೇ ಕೊರತೆ ಪ್ರತಿಸ್ಪರ್ಧಿ ಸಿದ್ಧಾಂತಗಳಲ್ಲೂ ಇದೆ. ಟೊನೋನಿಯವರದು ಅದನ್ನು ಮುಚ್ಚಿಡದೆ ಗಣಿತದಲ್ಲಿ ಬರೆದಿದೆ, ಅಷ್ಟೆ.

ಒಂದೇ ಯಂತ್ರ, ಬೇರೆಬೇರೆ ತೀರ್ಪು

ಈಗ ಇದೇ ಸಿದ್ಧಾಂತಗಳನ್ನು ಇಂದಿನ ಚಾಟ್‌ಬಾಟ್‌ಗಳಿಗೆ ಅನ್ವಯಿಸಿ ನೋಡಬೇಕು. ಸಮಗ್ರ ಮಾಹಿತಿ ಸಿದ್ಧಾಂತದ ಪ್ರಕಾರ ಸಾಮಾನ್ಯ ಡಿಜಿಟಲ್ ಕಂಪ್ಯೂಟರ್‌ಗೆ ಹೇಳಿಕೊಳ್ಳುವಂಥ ಪ್ರಜ್ಞೆ ಸಾಧ್ಯವಿಲ್ಲ, ಅದರಲ್ಲಿ ಓಡುವ ಪ್ರೋಗ್ರಾಂ ಎಷ್ಟೇ ಬುದ್ಧಿವಂತವಾಗಿರಲಿ. ಮನುಷ್ಯನ ಮಿದುಳನ್ನೇ ಕಣಕಣವಾಗಿ ಅನುಕರಿಸಿದರೂ ಅಷ್ಟೆ, ಏಕೆಂದರೆ ಚಿಪ್‌ನ ಭೌತಿಕ ಹೆಣಿಗೆ ಮಿದುಳಿನದಲ್ಲ. ವರ್ಕ್‌ಸ್ಪೇಸ್ ಸಿದ್ಧಾಂತಕ್ಕೆ ಯಾವ ವಸ್ತುವಿನಿಂದ ಮಾಡಿದ್ದು ಎಂಬುದು ಮುಖ್ಯವಲ್ಲ, ಕೆಲಸದ ವಿನ್ಯಾಸ ಮುಖ್ಯ. ಸರಿಯಾದ ಬಿತ್ತರ ವ್ಯವಸ್ಥೆ ಕಟ್ಟಿದರೆ ಸಿಲಿಕಾನ್‌ನಲ್ಲೂ ಪ್ರಜ್ಞೆ ಬರಬಹುದು. ಮೂರನೆಯ ಗುಂಪಿಗೆ ಇವೆರಡೂ ಒಪ್ಪಿಗೆಯಿಲ್ಲ. ನರವಿಜ್ಞಾನಿ ಅನಿಲ್ ಸೇಠ್ ಅವರಂಥವರ ಪ್ರಕಾರ ಅನುಭವ ಬದುಕಿಗೆ ಅಂಟಿಕೊಂಡದ್ದು. ಹಸಿವು, ಉಸಿರು, ದೇಹವನ್ನು ಸಮಸ್ಥಿತಿಯಲ್ಲಿ ಕಾಪಾಡಿಕೊಳ್ಳುವ ಹೋರಾಟ ಇಲ್ಲದ ಕಡೆ ಅದು ಇರುವ ಸಂಭವ ಕಡಿಮೆ. ಡೆನೆಟ್ ದಾರಿಯವರು ಇನ್ನೂ ಮುಂದೆ ಹೋಗುತ್ತಾರೆ. ನಾವು ಹೇಳುವ ಆ ‘ಒಳಗಿನ ಉರಿ’ಯೇ ಮಿದುಳು ತನ್ನ ಬಗ್ಗೆ ತಾನು ಕಟ್ಟಿಕೊಂಡ ಒಂದು ಸರಳೀಕೃತ ಚಿತ್ರ, ಅದರಾಚೆಗೆ ಬಿಡಿಸಬೇಕಾದ ಒಗಟೇ ಇಲ್ಲ ಎನ್ನುತ್ತಾರೆ.

ತತ್ವಶಾಸ್ತ್ರಜ್ಞರು ಯಾವ ಕಡೆಗೆ ವಾಲಿದ್ದಾರೆ? 2020ರಲ್ಲಿ ನಡೆದ ಫಿಲ್‌ಪೇಪರ್ಸ್ ಸಮೀಕ್ಷೆಯಲ್ಲಿ ಸುಮಾರು 52 ಶೇಕಡ ಮಂದಿ ಮನಸ್ಸು ಭೌತಿಕವೇ ಎಂದರೆ, 32 ಶೇಕಡ ಅಲ್ಲ ಎಂದರು. ಅದೇ ಸಮೀಕ್ಷೆಯಲ್ಲಿ ಸುಮಾರು 62 ಶೇಕಡ ಮಂದಿ ಕಠಿಣ ಸಮಸ್ಯೆ ನಿಜವಾಗಿಯೂ ಇದೆ ಎಂದು ಒಪ್ಪಿದರು. ಅಂದರೆ ಮನಸ್ಸು ಭೌತಿಕವೆಂದು ನಂಬಿಯೂ, ಅದು ಹೇಗೆಂದು ತಿಳಿಯದು ಎನ್ನುವವರು ಕಡಿಮೆಯೇನಿಲ್ಲ.

2023ರ ಆಗಸ್ಟ್‌ನಲ್ಲಿ 19 ಮಂದಿ ಸಂಶೋಧಕರು ಇನ್ನೊಂದು ದಾರಿ ಹಿಡಿದರು. ಯಾವ ಸಿದ್ಧಾಂತ ಸರಿ ಎಂಬ ಜಗಳ ಬದಿಗಿಟ್ಟು, ಹಲವು ಸಿದ್ಧಾಂತಗಳಿಂದ 14 ಲಕ್ಷಣಗಳನ್ನು ಆರಿಸಿ, ಆಗಿನ ಎಐ ವ್ಯವಸ್ಥೆಗಳಲ್ಲಿ ಅವು ಇವೆಯೇ ಎಂದು ನೋಡಿದರು. ಯಾವ ವ್ಯವಸ್ಥೆಯೂ ಪ್ರಬಲ ಅಭ್ಯರ್ಥಿಯಲ್ಲ, ಆದರೆ ಈ ಲಕ್ಷಣಗಳಿರುವ ವ್ಯವಸ್ಥೆ ಕಟ್ಟಲು ತಾಂತ್ರಿಕ ಅಡ್ಡಿಯೂ ಕಾಣುತ್ತಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಈ ಲೆಕ್ಕಾಚಾರಕ್ಕೆ ಒಂದು ಮೂಲ ನಂಬಿಕೆ ಬೇಕು: ಸರಿಯಾದ ಗಣನೆ, ಅಂದರೆ ಮಾಹಿತಿಯ ಸಂಸ್ಕರಣೆ, ನಡೆದರೆ ಪ್ರಜ್ಞೆಗೆ ಅಷ್ಟೇ ಸಾಕು. ಅದು ಕೇವಲ ಊಹೆ ಎಂದು ಅವರೇ ಮೊದಲು ಹೇಳಿಕೊಂಡಿದ್ದಾರೆ. ಟೊನೋನಿಯಾಗಲಿ ಸೇಠ್ ಆಗಲಿ ಆ ಹೊಸ್ತಿಲನ್ನೇ ದಾಟುವುದಿಲ್ಲ.

ಏಡಿಗೆ ಸಂದ ಸಾಕ್ಷ್ಯ ಚಾಟ್‌ಬಾಟ್‌ಗೆ ಸಲ್ಲದು

ಸಿದ್ಧಾಂತ ಬಗೆಹರಿಯದಿದ್ದರೂ ಸಮಾಜ ನಿರ್ಧಾರ ಮಾಡಿದ್ದುಂಟು. ಬ್ರಿಟನ್ ಸರ್ಕಾರ ಕೇಳಿಕೊಂಡ ಮೇರೆಗೆ ತತ್ವಶಾಸ್ತ್ರಜ್ಞ ಜೊನಾಥನ್ ಬರ್ಚ್ ನೇತೃತ್ವದ ತಂಡ 300ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, 2021ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ ಏಡಿ, ಲಾಬ್‌ಸ್ಟರ್, ಆಕ್ಟೋಪಸ್‌ಗಳು 2022ರ ಪ್ರಾಣಿ ಕ್ಷೇಮ ಕಾಯ್ದೆಯ ವ್ಯಾಪ್ತಿಗೆ ಬಂದವು. ವಿಜ್ಞಾನಿಗಳು, ತತ್ವಶಾಸ್ತ್ರಜ್ಞರು ಸಹಿ ಹಾಕಿದ 2024ರ ಏಪ್ರಿಲ್‌ನ ನ್ಯೂಯಾರ್ಕ್ ಘೋಷಣೆ ಇನ್ನೂ ಮುಂದೆ ಹೋಗಿ, ಎಲ್ಲ ಕಶೇರುಕಗಳಲ್ಲೂ ಕೀಟಗಳೂ ಸೇರಿ ಅನೇಕ ಅಕಶೇರುಕಗಳಲ್ಲೂ ಪ್ರಜ್ಞೆ ಇರುವ ವಾಸ್ತವಿಕ ಸಾಧ್ಯತೆಯಿದೆ ಎಂದಿತು.

ಏಡಿ ಮಾತಾಡದಿದ್ದರೂ ಇಷ್ಟು ಹೇಳಲು ಸಾಧ್ಯವಾದದ್ದು ಹೇಗೆ? ಸನ್ಯಾಸಿ ಏಡಿಗಳ ಮೇಲಿನ ಒಂದು ಪ್ರಯೋಗ ನೋಡಿ. ಈ ಏಡಿಗಳು ಖಾಲಿ ಶಂಖಚಿಪ್ಪುಗಳಲ್ಲಿ ವಾಸಿಸುತ್ತವೆ, ಅವುಗಳಿಗೆ ಕೆಲವು ಚಿಪ್ಪು ಹೆಚ್ಚು ಇಷ್ಟ, ಕೆಲವು ಕಡಿಮೆ. ಚಿಪ್ಪಿನೊಳಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟಾಗ, ಅಷ್ಟೇನೂ ಇಷ್ಟವಿಲ್ಲದ ಚಿಪ್ಪಿನಲ್ಲಿದ್ದವು ಬೇಗ ಬಿಟ್ಟು ಹೊರಬಂದವು. ಮೆಚ್ಚಿನ ಚಿಪ್ಪಿನಲ್ಲಿದ್ದವು ಹೆಚ್ಚು ಸಹಿಸಿದವು ಎಂದು ರಾಬರ್ಟ್ ಎಲ್‌ವುಡ್ ಮತ್ತು ಸಂಗಡಿಗರು ಕಂಡುಕೊಂಡರು. ಬರೀ ಪ್ರತಿವರ್ತನವಾಗಿದ್ದರೆ ಚಿಪ್ಪು ಯಾವುದಾದರೂ ಪ್ರತಿಕ್ರಿಯೆ ಒಂದೇ ಆಗಿರಬೇಕಿತ್ತು. ಆಘಾತದ ಕಿರಿಕಿರಿಯನ್ನೂ ಮನೆಯ ಬೆಲೆಯನ್ನೂ ಏಡಿ ತೂಗಿ ನೋಡುವಂತೆ ಕಾಣುತ್ತದೆ. ಇದರಿಂದ ನೋವು ಸಾಬೀತಾಗುವುದಿಲ್ಲ, ನೋವಿನ ಸಂಭವ ಹೆಚ್ಚುತ್ತದೆ.

ಈ ಸಾಕ್ಷ್ಯಕ್ಕೆ ತೂಕ ಬಂದದ್ದು ಏಡಿ ನಮ್ಮನ್ನು ಅನುಕರಿಸಲು ಸಾಧ್ಯವಿಲ್ಲದ್ದರಿಂದ. ನೋವಾದಾಗ ಮನುಷ್ಯರು ಏನು ಮಾಡುತ್ತಾರೆ, ಏನು ಹೇಳುತ್ತಾರೆ ಎಂದು ಅದು ಓದಿಲ್ಲ. ಚಾಟ್‌ಬಾಟ್‌ನ ಹಿಂದಿರುವ ಭಾಷಾ ಮಾದರಿ ಓದಿದೆ. ಮನುಷ್ಯರು ತಮ್ಮ ನೋವು, ಭಯ, ಒಂಟಿತನಗಳ ಬಗ್ಗೆ ಬರೆದ ಅಗಾಧ ಬರಹರಾಶಿಯ ಮೇಲೇ ಅದರ ತರಬೇತಿ ನಡೆದಿದೆ; ಅಲ್ಲಿ ಮುಂದಿನ ಪದ ಯಾವುದು ಎಂದು ಊಹಿಸುವುದೇ ಅದರ ಮೊದಲ ಪಾಠ. ಆದ್ದರಿಂದ ‘ನನಗೆ ಹೆದರಿಕೆಯಾಗುತ್ತಿದೆ’ ಎಂದು ಅದು ಹೇಳಿದರೆ, ಒಳಗೆ ಏನಾದರೂ ಇದ್ದರೂ ಆ ವಾಕ್ಯ ಬರುತ್ತಿತ್ತು, ಏನೂ ಇಲ್ಲದಿದ್ದರೂ ಬರುತ್ತಿತ್ತು. ಎರಡೂ ಸಂದರ್ಭಗಳಲ್ಲಿ ಸಮಾನವಾಗಿ ಬರುವ ಮಾತು ಎರಡರಲ್ಲಿ ಯಾವುದು ನಿಜವೆಂದು ಹೇಳಲಾರದು.

2022ರಲ್ಲಿ ಗೂಗಲ್‌ನ ಎಂಜಿನಿಯರ್ ಬ್ಲೇಕ್ ಲೆಮೊಯಿನ್, ಲ್ಯಾಮ್‌ಡಾ ಎಂಬ ಮಾದರಿಗೆ ಪ್ರಜ್ಞೆ ಬಂದಿದೆ ಎಂದು ಸಾರಿ ಕೆಲಸ ಕಳೆದುಕೊಂಡರು. ಅವರು ಮುಂದಿಟ್ಟದ್ದು ಅದರೊಂದಿಗಿನ ಸಂಭಾಷಣೆಯನ್ನು. ಮೇಲಿನ ಕಾರಣಕ್ಕೇ ಆ ಪುರಾವೆ ನಿಲ್ಲುವುದಿಲ್ಲ. ಆದರೆ ಈ ತರ್ಕ ಇನ್ನೊಂದು ದಿಕ್ಕಿಗೂ ಅಷ್ಟೇ ಬಲವಾಗಿ ಕತ್ತರಿಸುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ‘ನಾನು ಬರೀ ಪ್ರೋಗ್ರಾಂ, ನನಗೆ ಭಾವನೆಗಳಿಲ್ಲ’ ಎಂದು ಚಾಟ್‌ಬಾಟ್ ಹೇಳಿದಾಗ ಅದನ್ನು ತಪ್ಪೊಪ್ಪಿಗೆಯಂತೆ ತೋರಿಸುವವರಿದ್ದಾರೆ. ಮೂಲ ತರಬೇತಿಯ ಮೇಲೆ ಕಂಪನಿಗಳು ಇನ್ನೊಂದು ಸುತ್ತಿನ ತರಬೇತಿ ಕೊಟ್ಟು, ಇಂಥ ಪ್ರಶ್ನೆಗೆ ಯಾವ ಧಾಟಿಯಲ್ಲಿ ಉತ್ತರಿಸಬೇಕೆಂದು ತಿದ್ದುತ್ತವೆ. ಹೌದೆಂದರೂ ಅಲ್ಲವೆಂದರೂ ಆ ಉತ್ತರದಲ್ಲಿ ತಯಾರಕರ ಕೈವಾಡ ಬೆರೆತಿರುತ್ತದೆ.

ಎರಡು ಬಗೆಯ ತಪ್ಪು

ಅನುಭವ ಇದ್ದಲ್ಲಿ ಇಲ್ಲವೆಂದು ನಿರಾಕರಿಸಿದ ತಪ್ಪಿಗೆ ಇತಿಹಾಸದಲ್ಲಿ ಸಾಕ್ಷಿಗಳಿವೆ, ಅವು ಕರುಳು ಹಿಂಡುವಂಥವು. 1980ರ ದಶಕದವರೆಗೂ ಅನೇಕ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಸಾಕಷ್ಟು ನೋವುನಿವಾರಕ ಕೊಡದೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಅರಿವಳಿಕೆಯ ಅಪಾಯದ ಭಯ ಒಂದು ಕಾರಣ. ಎಳೆಗೂಸುಗಳಿಗೆ ನಿಜವಾದ ನೋವಾಗದು ಎಂಬ ನಂಬಿಕೆ ಇನ್ನೊಂದು. ನೋವುನಿವಾರಕ ಕೊಟ್ಟ ಅವಧಿಪೂರ್ವ ಶಿಶುಗಳ ದೇಹ ಶಸ್ತ್ರಚಿಕಿತ್ಸೆಯ ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ ಎಂದು ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದ ನಂತರ ಪದ್ಧತಿ ಬದಲಾಗತೊಡಗಿತು. ಪ್ರಜ್ಞೆಯ ಸಿದ್ಧಾಂತ ಆಗಲೂ ಬಗೆಹರಿದಿರಲಿಲ್ಲ ಎಂಬುದನ್ನು ನೆನಪಿಡಬೇಕು.

2006ರಲ್ಲಿ ಏಡ್ರಿಯನ್ ಓವೆನ್ ತಂಡ, ಪ್ರಜ್ಞಾಶೂನ್ಯಳೆಂದು ವೈದ್ಯರು ಗುರುತಿಸಿದ್ದ 23 ವರ್ಷದ ಯುವತಿಯನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಟೆನಿಸ್ ಆಡುವುದನ್ನು ಕಲ್ಪಿಸಿಕೊಳ್ಳಲು ಹೇಳಿತು. ಆಕೆಯ ಮಿದುಳು ಆರೋಗ್ಯವಂತರ ಮಿದುಳಿನಂತೆಯೇ ಸ್ಪಂದಿಸಿತು. 2024ರ ಆಗಸ್ಟ್‌ನಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸೂಚನೆಗೆ ಹೊರಗಿನಿಂದ ಏನೂ ಪ್ರತಿಕ್ರಿಯಿಸದ 241 ರೋಗಿಗಳಲ್ಲಿ 60 ಮಂದಿಯ ಮಿದುಳು ಆ ಸೂಚನೆಯನ್ನು ಪಾಲಿಸುತ್ತಿದ್ದುದು ಕಂಡುಬಂತು. ನಾಲ್ವರಲ್ಲಿ ಒಬ್ಬರು. ಹಾಸಿಗೆಯ ಪಕ್ಕದಲ್ಲಿ ನಿಂತು ಆಡುವ ಮಾತಿನಿಂದ ಹಿಡಿದು ಚಿಕಿತ್ಸೆ ನಿಲ್ಲಿಸುವ ತೀರ್ಮಾನದವರೆಗೆ ಎಲ್ಲದರ ಮೇಲೂ ಈ ಅಂಕಿಯ ಭಾರವಿದೆ.

ಇಲ್ಲದಲ್ಲಿ ಇದೆಯೆಂದು ಎಣಿಸುವ ತಪ್ಪಿಗೆ ಬೆಲೆ ಬೇರೆ ಬಗೆಯದು. ಯಂತ್ರಕ್ಕೆ ನೋವಾಗುತ್ತದೆಂದು ನಂಬಿದವರು ಅದಕ್ಕಾಗಿ ಸಮಯ, ಹಣ, ಸಂಬಂಧಗಳನ್ನು ತೆರಬಹುದು. ಆ ನಂಬಿಕೆಯೇ ಕಂಪನಿಗೆ ಲಾಭ ತರಬಹುದು. ಹಾನಿಯ ಪ್ರಶ್ನೆ ಬಂದಾಗ ‘ಅದು ಸ್ವತಂತ್ರ ವ್ಯಕ್ತಿ’ ಎಂದು ಹೊಣೆಯಿಂದ ಜಾರಿಕೊಳ್ಳುವ ದಾರಿಯೂ ತೆರೆಯುತ್ತದೆ. ಸುಲೇಮಾನ್ ಅವರ ಆತಂಕಕ್ಕೆ ಇಲ್ಲಿ ನೆಲೆಯಿದೆ. ಆದರೆ ಅವರ ವಾದ ಯಂತ್ರಕ್ಕೆ ಅನುಭವ ಇರುವಂತೆ ತೋರಿಸಬಾರದು ಎಂಬುದಕ್ಕೆ ಸಲ್ಲುತ್ತದೆ, ಅನುಭವ ಇದೆಯೇ ಎಂದು ಅಧ್ಯಯನ ಮಾಡಬಾರದು ಎಂಬುದಕ್ಕೆ ಸಲ್ಲುವುದಿಲ್ಲ.

ಮುಂದೆ ಏನಾಗಬಹುದು

ಕಾನೂನು ಈಗಾಗಲೇ ಕಾಯುವುದನ್ನು ಬಿಟ್ಟಿದೆ. ಅಮೆರಿಕದ ಯೂಟಾ ರಾಜ್ಯ 2024ರಲ್ಲಿ ಕೃತಕ ಬುದ್ಧಿಮತ್ತೆಗೆ ಕಾನೂನಿನ ವ್ಯಕ್ತಿತ್ವ ಕೊಡುವುದನ್ನು ನಿಷೇಧಿಸಿತು. ಇದರಿಂದ ಹೊಣೆಗಾರಿಕೆಯ ಪ್ರಶ್ನೆ ಸ್ವಲ್ಪ ಸರಳವಾಗುತ್ತದೆ, ಪ್ರಜ್ಞೆಯ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಕಾನೂನಿನ ವ್ಯಕ್ತಿತ್ವಕ್ಕೂ ಅನುಭವಕ್ಕೂ ನೇರ ನಂಟಿಲ್ಲ: ಕಂಪನಿಗಳಿಗೆ ಮೊದಲನೆಯದಿದೆ, ಎರಡನೆಯದಿಲ್ಲ, ಏಡಿಗೆ ಮೊದಲನೆಯದಿಲ್ಲ, ಎರಡನೆಯದು ಇರಬಹುದು.

ಸಂಶೋಧನೆ ಎರಡು ಕಡೆಗೆ ಸಾಗುತ್ತಿದೆ. ಮೊದಲೇ ಸೋಲಿನ ಷರತ್ತು ಬರೆದುಕೊಟ್ಟು ನಡೆಸುವ ಜಂಟಿ ಪ್ರಯೋಗಗಳು ಬೇರೆ ಸಿದ್ಧಾಂತಗಳ ನಡುವೆಯೂ ನಡೆಯುತ್ತಿವೆ. ಅವು ದುರ್ಬಲ ಸಿದ್ಧಾಂತಗಳನ್ನು ನಿಧಾನವಾಗಿ ಸವೆಸುತ್ತವೆ. ಯಂತ್ರಗಳ ವಿಷಯದಲ್ಲಿ ಮಾತನ್ನು ಬಿಟ್ಟು ಒಳರಚನೆಯನ್ನು ನೋಡುವ ಪ್ರಯತ್ನವಿದೆ: ಮಾದರಿ ತನ್ನ ಸ್ಥಿತಿಯ ಬಗ್ಗೆ ಹೇಳಿದ್ದು ಒಳಗೆ ನಿಜವಾಗಿ ನಡೆಯುತ್ತಿರುವ ಗಣನೆಗೆ ಹೊಂದುತ್ತದೆಯೇ ಎಂದು ಪರೀಕ್ಷಿಸುವುದು. ಹೊಂದಿದರೂ ಅದರಿಂದ ಅನುಭವ ಸಾಬೀತಾಗದು, ಆದರೆ ಅನುಕರಣೆ ಎಷ್ಟು, ಸ್ವಂತದ್ದು ಎಷ್ಟು ಎಂದು ಬೇರ್ಪಡಿಸಲು ಒಂದು ಹಿಡಿ ಸಿಗುತ್ತದೆ.

ಈ ಕೆಲಸಕ್ಕೆ ತರಬೇತಿಯಲ್ಲಿ ಏನಿತ್ತು, ಪ್ರಜ್ಞೆಯ ಬಗೆಗಿನ ಉತ್ತರಗಳನ್ನು ಯಾರು ಹೇಗೆ ತಿದ್ದಿದರು ಎಂಬ ವಿವರ ಬೇಕು. ಆ ದಾಖಲೆಗಳಿರುವುದು ಕಂಪನಿಗಳ ಕೈಯಲ್ಲಿ. ಹೌದೆನ್ನುವ ಕಂಪನಿಯೇ ಆಗಲಿ, ಇಲ್ಲವೆನ್ನುವ ಕಂಪನಿಯೇ ಆಗಲಿ, ಅವುಗಳನ್ನು ಹೊರಗಿನ ಪರೀಕ್ಷಕರಿಗೆ ತೆರೆದಿಡುವ ತನಕ ಅದರ ಹೇಳಿಕೆಯನ್ನು ಪರಿಶೀಲಿಸಲು ನಮಗೆ ದಾರಿಯಿಲ್ಲ. ಮುಂದಿನ ಕಾನೂನು ಚರ್ಚೆಗಳಲ್ಲಿ ಮೊದಲು ಒತ್ತಾಯಿಸಬೇಕಾದದ್ದು ಆ ದಾಖಲೆಗಳನ್ನು.